ಕೊಳ್ಳುವ ಸೇರು, ಕೊಡುವ ಸೇರು

2021ರ ಜನವರಿ. ಸಿಡ್ನಿ ಟೆಸ್ಟಿನ ನಾಲ್ಕನೇ ದಿನ. ಬೌಂಡರಿ ಹತ್ತಿರ ನಿಂತಿದ್ದ ನಮ್ಮ ಬೌಲರ್ ಮೊಹಮ್ಮದ್ ಸಿರಾಜ್ ಇದ್ದಕ್ಕಿದ್ದಂತೆ ಅಂಪೈರ್ ಕಡೆ ನಡೆದು ಬಂದರು. ಗ್ಯಾಲರಿಯಿಂದ ಬೈಗುಳ ಬರುತ್ತಿದೆ ಎಂದು ದೂರು ಕೊಟ್ಟರು. ಆಟ ಕೆಲವು ನಿಮಿಷ ನಿಂತಿತು. ಪೊಲೀಸರು ಆರು ಜನರನ್ನು ಎಬ್ಬಿಸಿ ಹೊರಗೆ ಕಳಿಸಿದರು. ಎರಡು ತಿಂಗಳ ಹಿಂದಷ್ಟೇ ತಂದೆಯನ್ನು ಕಳೆದುಕೊಂಡು, ಊರಿಗೂ ಹೋಗದೆ ತಂಡದ ಜೊತೆಗೇ ಉಳಿದಿದ್ದ ಹುಡುಗ ಅವನು. ಟಿವಿ ಮುಂದೆ ಕೂತವರಿಗೆಲ್ಲ ಕರುಳು ಚುರ್ ಅಂದಿತು.

ನಮ್ಮ ಮನೆಯವರ ವಾಟ್ಸಾಪ್ ಗುಂಪೂ ಅವತ್ತು ಕೊತಕೊತ ಕುದಿಯಿತು. ‘ಚರ್ಮ ಬೆಳ್ಳಗಿದ್ದರೆ ಸಾಕಾ, ಮನಸ್ಸು ಬೇಡ್ವಾ?’ ಎಂದು ಚಿಕ್ಕಪ್ಪ ಬರೆದರು. ಎಲ್ಲರೂ ಕೈ ಮುಗಿಯುವ ಚಿಹ್ನೆ ಒತ್ತಿದೆವು. ಅದೇ ವಾರ, ಅದೇ ಗುಂಪಿನಲ್ಲಿ, ಅದೇ ಚಿಕ್ಕಪ್ಪ ತಮ್ಮ ಮಗನಿಗೆ ಬಂದ ಸಂಬಂಧವೊಂದರ ಫೋಟೊ ಹಾಕಿದರು. ಕೆಳಗೆ ಹೀಗಿತ್ತು: ‘ಎಂ.ಟೆಕ್. ಒಳ್ಳೇ ಮನೆತನ. ಕೆಲಸದಲ್ಲಿದಾಳೆ. ಬಣ್ಣ ಸ್ವಲ್ಪ ಕಮ್ಮಿ. ಏನಂತೀರಿ?’

ಚಿಕ್ಕಪ್ಪ ಕೆಟ್ಟವರೇನಲ್ಲ. ಎರಡು ಮೆಸೇಜಿಗೂ ಸಂಬಂಧ ಇದೆ ಅಂತ ಅವರಿಗೆ ಹೊಳೆದೇ ಇರಲಿಲ್ಲ, ಅಷ್ಟೆ. ನನಗೂ ತಕ್ಷಣ ಹೊಳೆಯಲಿಲ್ಲ ಅನ್ನಿ.

ನಮ್ಮಜ್ಜಿ ಒಂದು ದವಸದ ಅಂಗಡಿಯ ಕಥೆ ಹೇಳುತ್ತಿದ್ದಳು. ಅಂಗಡಿಯವನ ಹತ್ತಿರ ಎರಡು ಸೇರು. ರೈತ ರಾಗಿ ಮಾರಲು ಬಂದರೆ ದೊಡ್ಡ ಸೇರಲ್ಲಿ ಅಳೆದುಕೊಳ್ಳುತ್ತಿದ್ದ. ಅದೇ ರೈತ ಬೇಳೆ ಕೊಳ್ಳಲು ಬಂದರೆ ಚಿಕ್ಕ ಸೇರಲ್ಲಿ ಅಳೆದು ಕೊಡುತ್ತಿದ್ದ. ಹೊರಗಿಂದ ನೋಡಿದರೆ ಎರಡೂ ಒಂದೇ ತರ. ಅಜ್ಜಿ ಕಥೆ ಹೇಳುವಾಗ ಅಂಗಡಿಯವನ ಜಾತಿಯನ್ನೂ ಸೇರಿಸಿಯೇ ಹೇಳುತ್ತಿದ್ದಳು. ನಾನೂ ಇಲ್ಲಿ ಹಾಗೇ ಬರೆದು, ಆಮೇಲೆ ಅಳಿಸಿದೆ. ಮೋಸಗಾರ ಅಂದಕೂಡಲೆ ಒಂದು ಜಾತಿ ಬಾಯಿಗೆ ಬರುತ್ತದಲ್ಲ, ಪೂರ್ವಗ್ರಹ ಅಂದರೆ ಅದೇ. ಅಜ್ಜಿಯ ಕಥೆಯೊಳಗೂ ಬೆಚ್ಚಗೆ ಕೂತಿರುತ್ತದೆ.

ವರ್ಣಭೇದ, ಜನಾಂಗೀಯ ನಿಂದನೆ ಅನ್ನೋ ಮಾತು ಬಂದಾಗ ನಾವು ಬಹುತೇಕರು ಈ ಎರಡು ಸೇರುಗಳನ್ನು ಇಟ್ಟುಕೊಂಡಿದ್ದೇವೆ. ನಮಗೆ ಯಾರಾದರೂ ಅಂದರೆ ಎಷ್ಟು ನೋವಾಯಿತು ಅಂತ ಅಳೆಯುತ್ತೇವೆ. ನಾವು ಯಾರಿಗಾದರೂ ಅಂದರೆ ಯಾವ ಉದ್ದೇಶದಿಂದ ಅಂದೆವು ಅಂತ ಅಳೆಯುತ್ತೇವೆ. ನಮ್ಮ ಉದ್ದೇಶ ಯಾವಾಗಲೂ ಒಳ್ಳೆಯದೇ ಇರುತ್ತದಾದ್ದರಿಂದ ಲೆಕ್ಕ ಯಾವಾಗಲೂ ನಮ್ಮ ಪರವಾಗಿಯೇ ಬರುತ್ತದೆ.

ಮತ್ತೆ ಕ್ರಿಕೆಟ್ಟಿಗೇ ಹೋಗೋಣ. 2007ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯ ತಂಡ ಇಲ್ಲಿಗೆ ಬಂದಿತ್ತು. ಆ ತಂಡದಲ್ಲಿದ್ದ ಕೆರಿಬಿಯನ್ ಮೂಲದ ಆ್ಯಂಡ್ರ್ಯೂ ಸೈಮಂಡ್ಸ್ ಫೀಲ್ಡಿಂಗ್‌ಗೆ ನಿಂತರೆ ವಡೋದರದ ಪ್ರೇಕ್ಷಕರು ಕೋತಿಯ ಹಾಗೆ ಸದ್ದು ಮಾಡಿದರು. ಮುಂಬೈಯಲ್ಲೂ ಅದೇ ಆಯಿತು. ಮೊದಮೊದಲು ನಮ್ಮ ಕಡೆಯಿಂದ ಅಂಥದ್ದೇನೂ ಆಗಿಲ್ಲ ಅನ್ನುವ ಮಾತೇ ಬಂತು. ಜನ ಹನುಮಂತನನ್ನು ನೆನೆಯುತ್ತಿದ್ದರು ಎಂಬ ವಿವರಣೆಯೂ ಬಂತು. ಮುಂಬೈಯಲ್ಲಿ ಫೋಟೊಗಳು ಸಿಕ್ಕ ಮೇಲೆ ಕೆಲವರನ್ನು ಪೊಲೀಸರು ಹಿಡಿದರು.

ಎರಡೂವರೆ ತಿಂಗಳ ನಂತರ, 2008ರ ಜನವರಿಯಲ್ಲಿ, ಅದೇ ಸಿಡ್ನಿ. ಹರ್ಭಜನ್ ಸಿಂಗ್ ಅದೇ ಸೈಮಂಡ್ಸ್‌ಗೆ ಕೋತಿ ಅಂದರು ಎಂಬ ಆರೋಪ ಬಂತು. ಮೂರು ಟೆಸ್ಟ್ ನಿಷೇಧ ಬಿತ್ತು. ಮೇಲ್ಮನವಿಯಲ್ಲಿ ಜನಾಂಗೀಯ ನಿಂದನೆ ಸಾಬೀತಾಗಲಿಲ್ಲ. ಬೈದದ್ದಕ್ಕೆ ಅಂತ ಪಂದ್ಯದ ಅರ್ಧ ಸಂಭಾವನೆ ದಂಡ ಹಾಕಿ ಮುಗಿಸಿದರು. ಆಗ ನಮ್ಮ ಕ್ಯಾಪ್ಟನ್ ಅನಿಲ್ ಕುಂಬ್ಳೆ. ಆ ಪಂದ್ಯದ ಅಂಪೈರಿಂಗ್ ಬಗ್ಗೆ ಇಡೀ ಬೆಂಗಳೂರು ಉರಿದುಬಿದ್ದಿತ್ತು, ಅದಕ್ಕೆ ಕಾರಣವೂ ಇತ್ತು. ಮೈದಾನದ ಮಧ್ಯೆ ಯಾರು ಏನಂದರು ಅನ್ನೋದು ಬಿಡಿ, ಅದು ಕೊನೆಗೂ ಇತ್ಯರ್ಥ ಆಗಲಿಲ್ಲ. ನನಗೆ ಕಾಡುವುದು ನಮ್ಮ ಬೀದಿಯ ವಾದ. ‘ನಮ್ಮಲ್ಲಿ ಕೋತಿ ಅಂದರೆ ಬೈಗುಳವೇ ಅಲ್ಲ ಕಣ್ರೀ, ದೇವರು’ ಅಂತ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ ಎಷ್ಟು ಜನ ಹೇಳಿದರು! ಹಾಗಾದರೆ ಅದೇ ಸದ್ದನ್ನು ಲಾರ್ಡ್ಸ್‌ನಲ್ಲಿ ನಮ್ಮ ಹುಡುಗರ ಮುಂದೆ ಮಾಡಿದ್ದರೆ ನಾವು ಮಂಗಳಾರತಿ ಎತ್ತುತ್ತಿದ್ದೆವಾ?

2020ರಲ್ಲಿ ವೆಸ್ಟ್ ಇಂಡೀಸ್‌ನ ಡ್ಯಾರನ್ ಸ್ಯಾಮಿ ಇನ್ನೊಂದು ವಿಷಯ ಹೇಳಿದರು. ಐಪಿಎಲ್‌ನಲ್ಲಿ ಹೈದರಾಬಾದ್ ತಂಡಕ್ಕೆ ಆಡುವಾಗ ಅವರನ್ನು ‘ಕಾಲೂ’ ಎಂದು ಕರೆಯುತ್ತಿದ್ದರಂತೆ. ಗಟ್ಟಿ ಕುದುರೆ ಅನ್ನೋ ಅರ್ಥ ಇರಬೇಕು ಅಂತ ಅವರು ಅಂದುಕೊಂಡಿದ್ದರು. ‘ಕರಿಯ’ ಅನ್ನೋ ನಿಜವಾದ ಅರ್ಥ ಗೊತ್ತಾಗಿದ್ದು ವರ್ಷಗಳಾದ ಮೇಲೆ. ಸಿಟ್ಟಾದರು. ಆಮೇಲೆ ಹಾಗೆ ಕರೆದವರಲ್ಲಿ ಒಬ್ಬರ ಜೊತೆ ಮಾತಾಡಿದ್ದಾಗಿಯೂ, ಅದು ಪ್ರೀತಿಯಿಂದ ಅಂದದ್ದು ಎಂದು ತಿಳಿಯಿತೆಂದೂ ಹೇಳಿ ಮುಗಿಸಿದರು. ಪ್ರೀತಿ ಇದ್ದಿರಬಹುದು, ನಾನು ನಂಬುತ್ತೇನೆ. ಆದರೆ ಆ ಪ್ರೀತಿಗೆ ಸಿಕ್ಕಿದ ಹೆಸರು ಅದೊಂದೇ ಯಾಕೆ? ಆರಡಿ ಮೀರಿದ ಎತ್ತರ, ದೊಡ್ಡ ನಗು, ಟಿ-20 ವಿಶ್ವಕಪ್ ಗೆದ್ದ ಕ್ಯಾಪ್ಟನ್. ಇಷ್ಟೆಲ್ಲ ಇದ್ದರೂ ಕಣ್ಣಿಗೆ ಬಿದ್ದದ್ದು ಚರ್ಮ.

ನಮ್ಮವರಿಗೇ ನಮ್ಮವರು ಅನ್ನುವುದೂ ಇದೇ. ತಮಿಳುನಾಡಿನ ಟೆಸ್ಟ್ ಆಟಗಾರ ಅಭಿನವ್ ಮುಕುಂದ್ 2017ರಲ್ಲಿ ತಮ್ಮ ಮೈಬಣ್ಣದ ಬಗ್ಗೆ ಚಿಕ್ಕಂದಿನಿಂದ ಕೇಳಿದ ಮಾತುಗಳನ್ನು ಬಹಿರಂಗವಾಗಿ ಬರೆದುಕೊಂಡರು. ಆಡುವ ಕಾಲಕ್ಕೆ ತಮಗೂ ಇಂಥ ಮಾತು ಬಿದ್ದಿದ್ದವು ಎಂದು ನಮ್ಮ ದೊಡ್ಡ ಗಣೇಶ್ 2020ರಲ್ಲಿ ಹೇಳಿದರು. ಕರ್ನಾಟಕದ ಬೌಲಿಂಗ್ ಭಾರವನ್ನು ವರ್ಷಗಟ್ಟಲೆ ಹೊತ್ತ ಮನುಷ್ಯ. ಇದನ್ನು ಹೇಳಲು ಅವರು ನಿವೃತ್ತರಾಗಿ ಎಷ್ಟೋ ವರ್ಷ ಕಳೆಯಬೇಕಾಯಿತು.

‘ಬಣ್ಣ ಕಮ್ಮಿ’ ಅನ್ನೋ ಮಾತನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ಸೀರೆ ಅಂಗಡಿಯಲ್ಲಿ ಬಣ್ಣ ಅಂದರೆ ನೂರೆಂಟು. ಹೆಣ್ಣು ನೋಡುವ ಮನೆಯಲ್ಲಿ ಒಂದೇ. ಅದು ಬಿಳಿ. ಅದು ಇದ್ದರೆ ‘ಒಳ್ಳೇ ಬಣ್ಣ’, ಇಲ್ಲದಿದ್ದರೆ ‘ಬಣ್ಣ ಕಮ್ಮಿ’, ಉಪ್ಪು ಕಮ್ಮಿಯಾದ ಸಾರಿನ ಹಾಗೆ. ಇನ್ನೊಂದು ಮಾತಿದೆ: ‘ಕಪ್ಪಗಿದ್ರೂ ಲಕ್ಷಣವಾಗಿದಾಳೆ’. ಹೊಗಳಿಕೆ ಅಂತಲೇ ಹೇಳುತ್ತಾರೆ. ಎಲ್ಲ ವಿಷವೂ ಆ ‘ರೂ’ನಲ್ಲಿದೆ. ‘ಬೆಳ್ಳಗಿದ್ರೂ ಲಕ್ಷಣವಾಗಿದಾಳೆ’ ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ?

ವಿಚಿತ್ರ ಏನೆಂದರೆ, ಊರೂರಲ್ಲಿ ಕರಿಯಮ್ಮನ ಗುಡಿ ಇರುವ, ಕರಿಯಪ್ಪ, ಕರಿಬಸಪ್ಪ ಅಂತ ಮಕ್ಕಳಿಗೆ ಹೆಸರಿಟ್ಟ ನಾಡು ಇದು. ಎರೆಮಣ್ಣು ಕಪ್ಪಗಿದ್ದಷ್ಟೂ ರೈತನಿಗೆ ಖುಷಿ. ಅದೇ ಕಪ್ಪು ಮಗಳ ಮುಖಕ್ಕೆ ಬಂದರೆ ಮಾತ್ರ ಕಡಲೆಹಿಟ್ಟು, ಅರಿಶಿನ, ಆಮೇಲೆ ಕ್ರೀಮು. ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. 45 ವರ್ಷ ಆ ಹೆಸರು ಯಾರಿಗೂ ಅಷ್ಟಾಗಿ ಚುಚ್ಚಲಿಲ್ಲ. 2020ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸನ ಮೊಣಕಾಲಿನಡಿ ಸತ್ತರು. ಜುಲೈಗೆ ನಮ್ಮ ಟ್ಯೂಬಿನ ಮೇಲೆ ಗ್ಲೋ ಅಂಡ್ ಲವ್ಲಿ ಅಂತ ಬಂತು. ಅದೇ ಹೊತ್ತಿಗೆ ಶಾದಿ.ಕಾಮ್ ಮೈಬಣ್ಣದ ಫಿಲ್ಟರ್ ತೆಗೆದುಹಾಕಿತು. ಚಿಕ್ಕಪ್ಪನ ಫಿಲ್ಟರ್ ತೆಗೆಯಲು ಯಾವ ಕಂಪನಿಗೂ ಆಗಲಿಲ್ಲ.

ಇನ್ನೊಂದು ಜೊತೆ ಸೇರೂ ಇದೆ, ಅದು ಇನ್ನೂ ಅಪಾಯದ್ದು. ನಮ್ಮವನೊಬ್ಬ ತಪ್ಪು ಮಾಡಿದರೆ ಅವನು ಒಬ್ಬ. ಅವರವನೊಬ್ಬ ತಪ್ಪು ಮಾಡಿದರೆ ಅವರೆಲ್ಲ.

2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ರಸ್ತೆ ಕಡೆ ಸುಡಾನ್ ದೇಶದ ಒಬ್ಬನ ಕಾರು ಬಡಿದು ಸ್ಥಳೀಯ ಮಹಿಳೆಯೊಬ್ಬರು ಸತ್ತರು. ಜನ ಸೇರಿದರು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಇನ್ನೊಂದು ಕಾರು ಬಂತು. ಅದರಲ್ಲಿದ್ದವರು ತಾಂಜಾನಿಯದ ವಿದ್ಯಾರ್ಥಿಗಳು. ಅಪಘಾತದ ಸುದ್ದಿಯೂ ಅವರಿಗೆ ಗೊತ್ತಿರಲಿಲ್ಲ. ಗುಂಪು 21 ವರ್ಷದ ಹುಡುಗಿಯನ್ನು ಎಳೆದು ಹೊಡೆಯಿತು, ಕಾರಿಗೆ ಬೆಂಕಿ ಇಟ್ಟಿತು. ಸುಡಾನಿಗೂ ತಾಂಜಾನಿಯಕ್ಕೂ ಗಡಿಯೂ ಅಂಟಿಕೊಂಡಿಲ್ಲ. ಅಂಟಿಕೊಂಡಿದ್ದು ಬಣ್ಣ ಮಾತ್ರ. ಆಗಿನ ನಮ್ಮ ಗೃಹ ಸಚಿವರು ಇದು ಜನಾಂಗೀಯ ದಾಳಿ ಅಲ್ಲ, ಅಪಘಾತಕ್ಕೆ ಬಂದ ಪ್ರತಿಕ್ರಿಯೆ ಅಂದರು. ಕಾರು ಗುದ್ದಿದವನು ಬಳ್ಳಾರಿಯವನಾಗಿದ್ದರೆ ಆಮೇಲೆ ಬಂದ ಬಳ್ಳಾರಿಯವರ ಕಾರನ್ನೆಲ್ಲ ನಿಲ್ಲಿಸುತ್ತಿದ್ದರಾ? ಈ ಒಂದು ಪ್ರಶ್ನೆ ಸಾಕಿತ್ತು, ಆ ವಿವರಣೆ ನಿಲ್ಲುವುದಿಲ್ಲ ಅಂತ ಗೊತ್ತಾಗಲು.

2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಶುರುವಾದಾಗ ಮೈಸೂರಿನ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ನಾಗಾಲ್ಯಾಂಡಿನ ವಿದ್ಯಾರ್ಥಿಗಳನ್ನು ಒಳಗೆ ಬಿಡಲಿಲ್ಲ. ಮುಖ ನೋಡಿ ವಿದೇಶಿಯರು ಅಂದುಕೊಂಡರು. ವಿಡಿಯೊ ಹರಿದಾಡಿತು, ಪೊಲೀಸ್ ಕೇಸಾಯಿತು. ಈಶಾನ್ಯದವರನ್ನು ಹೀಗೆ ಹಂಗಿಸಬೇಡಿ ಎಂದು ಕೇಂದ್ರ ಗೃಹ ಇಲಾಖೆ ರಾಜ್ಯಗಳಿಗೆ ಪತ್ರವನ್ನೇ ಬರೆಯಬೇಕಾಯಿತು.

ಇದರ ಪಕ್ಕ 2024ನ್ನು ಇಟ್ಟು ನೋಡಿ. ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೊ ಸ್ಟೇಷನ್ನಿನಲ್ಲಿ ಬಟ್ಟೆ ಸರಿಯಿಲ್ಲ ಅಂತ ರೈತರೊಬ್ಬರನ್ನು ತಡೆದರು. ಅಲ್ಲಿನ ಭದ್ರತಾ ಸಿಬ್ಬಂದಿಯ ಕೆಲಸ ಹೋಯಿತು. ಜುಲೈಯಲ್ಲಿ ಮಾಗಡಿ ರಸ್ತೆಯ ಒಂದು ಮಾಲ್‌ನಲ್ಲಿ ಪಂಚೆ ಉಟ್ಟ ಹಿರಿಯರನ್ನು ಒಳಗೆ ಬಿಡಲಿಲ್ಲ. ವಿಧಾನಸಭೆಯಲ್ಲೇ ಗದ್ದಲವಾಗಿ ಮಾಲ್ ಏಳು ದಿನ ಮುಚ್ಚಿತು. ಸರಿಯಾಗಿಯೇ ಆಯಿತು, ನನಗೂ ರಕ್ತ ಕುದಿದಿತ್ತು. ಆದರೆ ಯಾಕೆ ಕುದಿಯಿತು? ಆ ಪಂಚೆಯಲ್ಲಿ ನನಗೆ ನಮ್ಮಪ್ಪ ಕಂಡರು. ಮೈಸೂರಿನ ಆ ಹುಡುಗರ ಮುಖದಲ್ಲಿ ನನಗೆ ಯಾರೂ ಕಂಡಿರಲಿಲ್ಲ. ವಿಡಿಯೊ ನೋಡಿ ‘ಛೆ’ ಅಂದು ಮುಂದಕ್ಕೆ ತಳ್ಳಿದ್ದೆ.

ಒಮ್ಮೆ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದ್ದೆ. ಮುಂದಿನ ಸೀಟಿನಲ್ಲಿ ಗುಂಗುರು ಕೂದಲಿನ ಯುವಕ. ಕಂಡಕ್ಟರ್ ಬಂದವರೇ ‘ವೇರ್ ಗೋಯಿಂಗ್?’ ಅಂದರು. ‘ಯಶವಂತಪುರ ಒಂದು ಕೊಡ್ರಿ’ ಅಂದ ಯುವಕ. ಕಂಡಕ್ಟರ್ ಮುಖ ಅರಳಿತು. ‘ಪರವಾಗಿಲ್ವೇ, ಕನ್ನಡ ಚೆನ್ನಾಗಿ ಕಲ್ತಿದೀರ! ಯಾವ ದೇಶ?’

‘ಯಲ್ಲಾಪುರ.’

ಬಸ್ಸಲ್ಲಿ ಹತ್ತಿರ ಇದ್ದವರು ನಕ್ಕರು. ಕಂಡಕ್ಟರೂ ನಾಚಿಕೊಂಡು ನಕ್ಕರು. ಯುವಕ ನಗಲಿಲ್ಲ, ಟಿಕೆಟ್ ಜೇಬಿಗೆ ಹಾಕಿ ಕಿಟಕಿ ಕಡೆ ತಿರುಗಿದ. ಅವನು ಸಿದ್ದಿ ಸಮುದಾಯದವನು. ಸಿದ್ದಿಗಳ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದು ಶತಮಾನಗಳೇ ಆದವು. ಅಲ್ಲಿಂದ ತಪ್ಪಿಸಿಕೊಂಡು ಬಂದವರು, ಬಿಡುಗಡೆಯಾದವರು ಉತ್ತರ ಕನ್ನಡದ ಕಾಡಿನಲ್ಲಿ ನೆಲೆಸಿದರು. ಯಲ್ಲಾಪುರ, ಹಳಿಯಾಳ, ಅಂಕೋಲ, ಮುಂಡಗೋಡ ಅವರ ಊರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಬಂದರು, ಆ ಸಮುದಾಯದಿಂದ ಶಾಸನಸಭೆಗೆ ಬಂದ ಮೊದಲಿಗರು. ಇಷ್ಟಾದರೂ ರಾಜಧಾನಿಯಲ್ಲಿ ‘ಯಾವ ದೇಶ’ ಅನ್ನೋ ಪ್ರಶ್ನೆ ತಪ್ಪಿಲ್ಲ.

ಕಂಡಕ್ಟರ್ ಮನಸ್ಸಲ್ಲಿ ಏನೂ ಕೆಟ್ಟದ್ದಿರಲಿಲ್ಲ, ಅದು ಸತ್ಯ. ಹಾಗಾದರೆ ಆ ಯುವಕ ಸುಮ್ನೆ ಮುಖ ಊದಿಸಿಕೊಂಡನಾ? ‘ಇಷ್ಟಕ್ಕೆಲ್ಲ ಬೇಜಾರಾ’ ಅನ್ನೋ ಜಗಳ ಹುಟ್ಟುವುದೇ ಇಲ್ಲಿ. ಸೋರುವ ಮನೆಯನ್ನು ನೆನೆಸಿಕೊಳ್ಳಿ. ನೆಂಟನಾಗಿ ಬಂದವನಿಗೆ ಕಾಣುವುದು ಒಂದು ಹನಿ. ‘ಒಂದು ಹನಿ ತಾನೆ’ ಅಂತಾನೆ. ಆ ಮನೆಯವನು ಇಡೀ ಮಳೆಗಾಲ ಪಾತ್ರೆ ಜರುಗಿಸುತ್ತಾ ನಿದ್ದೆಗೆಟ್ಟವನು. ಇಬ್ಬರೂ ನೋಡಿದ್ದು ಅದೇ ಹನಿ.

2012ರ ಆಗಸ್ಟ್ ನೆನಪಿದೆಯಾ? ಈಶಾನ್ಯದವರ ಮೇಲೆ ದಾಳಿ ಆಗುತ್ತದೆ ಎಂಬ ಗಾಳಿಸುದ್ದಿ ಎಸ್‌ಎಂಎಸ್‌ನಲ್ಲಿ ಹಬ್ಬಿತು. ಸಾವಿರಾರು ಜನ ಬೆಂಗಳೂರು ರೈಲ್ವೆ ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಒಟ್ಟಿಗೆ ರಾಶಿ ಎಸ್‌ಎಂಎಸ್ ಕಳಿಸುವುದನ್ನೇ ಸರ್ಕಾರ ಕೆಲವು ದಿನ ನಿಲ್ಲಿಸಿತು. ‘ನಾವೇನು ಮಾಡಿದ್ವಿ, ಯಾಕೆ ಹೀಗೆ ಹೆದರಿದ್ರು?’ ಅಂತ ಊರವರಿಗೆ ಆಶ್ಚರ್ಯ. ಸುದ್ದಿ ಸುಳ್ಳೇ. ಆದರೆ ಸುಳ್ಳು ಅಷ್ಟು ಬೇಗ ಬೇರು ಬಿಡಬೇಕಾದರೆ ನೆಲ ಮೊದಲೇ ಹದವಾಗಿರಬೇಕು. ಬೀದಿಯಲ್ಲಿ ‘ಚಿಂಕಿ’ ಅನ್ನಿಸಿಕೊಂಡು, ‘ಪಾಸ್‌ಪೋರ್ಟ್ ಇದೆಯಾ’ ಅಂತ ಕೇಳಿಸಿಕೊಂಡು ಬಂದವರಿಗೆ ಆ ಮೆಸೇಜು ಸುಳ್ಳು ಅನ್ನಿಸಲಿಲ್ಲ.

ಮನೆ ಬಾಡಿಗೆ ವಿಷಯಕ್ಕೆ ಬಂದರೆ ಸೇರು ಕಣ್ಣಿಗೇ ಬೀಳುವುದಿಲ್ಲ. ಮಣಿಪುರದ ನನ್ನ ಸಹೋದ್ಯೋಗಿಯ ಜೊತೆ ಒಂದು ಭಾನುವಾರ ಮನೆ ಹುಡುಕಲು ಹೋಗಿದ್ದೆ. ಗೇಟಿಗೆ ಟು-ಲೆಟ್ ಬೋರ್ಡು ನೇತಾಡುತ್ತಿತ್ತು. ಮನೆಯಾಕೆ ನಮ್ಮಿಬ್ಬರನ್ನೂ ನೋಡಿ, ‘ಅಯ್ಯೋ, ನಿನ್ನೆ ಸಂಜೆನೇ ಹೋಯ್ತಲ್ಲಪ್ಪ’ ಅಂದರು. ನೀರು ಕೊಟ್ಟರು, ಬಿಸಿಲು ಜಾಸ್ತಿ ಅಂದರು. ತುಂಬಾ ಒಳ್ಳೇ ಮಾತು. ಮೂರನೇ ದಿನವೂ ಬೋರ್ಡು ಅಲ್ಲೇ ಇತ್ತು. ಅದರ ಮೇಲಿದ್ದ ನಂಬರಿಗೆ ನಾನೊಬ್ಬನೇ ಫೋನ್ ಮಾಡಿದೆ. ‘ಖಾಲಿ ಇದೆ, ಬನ್ನಿ. ಯಾವ ಪೈಕಿ ನೀವು?’ ಅಂದರು.

ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಲ್ಲವನ್ನೂ ಹೆಸರಿಸಿ ಇಲ್ಲೆಲ್ಲ ಜಾತಿ, ಧರ್ಮ, ಜನಾಂಗ, ಹುಟ್ಟಿದ ಊರು ನೋಡಿ ತಡೆಯುವಂತಿಲ್ಲ ಅನ್ನುತ್ತದೆ. ಬಾಡಿಗೆ ಮನೆಯ ಗೇಟು ಆ ಪಟ್ಟಿಯಲ್ಲಿಲ್ಲ. ‘ನನ್ನ ಮನೆ, ನನ್ನಿಷ್ಟ’ ಅಂದರೆ ಮುಗಿಯಿತು.

ನಾನು ಫೋನ್ ಮಾಡಿ ಮಾಡಿದ ಪರೀಕ್ಷೆಯನ್ನೇ ವಿದ್ವಾಂಸರು ದೊಡ್ಡದಾಗಿ ಮಾಡಿದ್ದಾರೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅವರ ಅಧ್ಯಯನ ಪ್ರಕಟವಾದದ್ದು 2007ರಲ್ಲಿ. ಪೇಪರಿನ ಉದ್ಯೋಗ ಜಾಹೀರಾತುಗಳಿಗೆ 4,808 ಅರ್ಜಿ ಹಾಕಿದರು. ಓದು, ಅನುಭವ ಒಂದೇ ಮಟ್ಟದ್ದು, ಹೆಸರು ಮಾತ್ರ ಬೇರೆ. ಸಂದರ್ಶನಕ್ಕೆ ಕರೆ ಬರುವ ಸಾಧ್ಯತೆ, ಮೇಲ್ಜಾತಿ ಹೆಸರಿಗೆ ಹೋಲಿಸಿದರೆ, ದಲಿತ ಹೆಸರಿಗೆ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಸುಮಾರು ಮೂರನೇ ಒಂದರಷ್ಟು ಇತ್ತು. ಅಮೆರಿಕದ ಬೋಸ್ಟನ್, ಷಿಕಾಗೊದಲ್ಲಿ ಇಂಥದ್ದೇ ಪರೀಕ್ಷೆ ಮಾಡಿದಾಗ ಬಿಳಿಯರ ಹೆಸರಿಗೆ ಕಪ್ಪುಜನರ ಹೆಸರಿಗಿಂತ ಶೇ 50ರಷ್ಟು ಜಾಸ್ತಿ ಕರೆ ಬಂದಿದ್ದವು. ಆ ಸುದ್ದಿಯನ್ನು ನಾವು ಬಾಯಿ ಚಪ್ಪರಿಸಿ ಓದುತ್ತೇವೆ. ನಮ್ಮದನ್ನು ಎಷ್ಟು ಜನ ಓದಿದ್ದೇವೆ? ಬಾರದ ಪತ್ರ ಯಾಕೆ ಬರಲಿಲ್ಲ ಅಂತ ಯಾರೂ ಬಂದು ಹೇಳುವುದಿಲ್ಲ. ಒಬ್ಬೊಬ್ಬರಾಗಿ ಕೇಳಿದರೆ ‘ನಾವು ಹಾಗೆಲ್ಲ ನೋಡೋದಿಲ್ಲಪ್ಪ’ ಅಂತಾರೆ. ಒಟ್ಟು ಸೇರಿಸಿ ಎಣಿಸಿದರೆ ಮಾತ್ರ ಕಾಣುವ ರೋಗ ಇದು.

ಹಾಗಂತ ಎಲ್ಲ ಕಿರಿಕಿರಿಯೂ ಜನಾಂಗಭೇದವಲ್ಲ. ಆಟೋದವರು ಮೀಟರ್ ಮೇಲೆ ಐವತ್ತು ಜಾಸ್ತಿ ಕೇಳುವುದರಲ್ಲಿ ಭೇದವೇ ಇಲ್ಲ, ಅದು ಸರ್ವಸಮಾನತೆ. ನಮ್ಮ ದೂರೂ ಒಂದಿದೆ. ಬೆಂಗಳೂರಿನ ಬ್ಯಾಂಕ್ ಕೌಂಟರಿನಲ್ಲಿ ಕನ್ನಡದಲ್ಲಿ ಮಾತಾಡಿ ಅಂದರೆ ಸಂಕುಚಿತ ಬುದ್ಧಿ ಅನ್ನಿಸಿಕೊಳ್ಳುತ್ತೇವೆ, ತಮ್ಮೂರಲ್ಲಿ ತಮ್ಮ ಭಾಷೆ ನಡೆಯಬೇಕು ಅನ್ನುವವರಿಂದಲೇ. ಅವರ ಕೈಯಲ್ಲೂ ಎರಡು ಸೇರು ಇವೆ. ಕೌಂಟರಿನಲ್ಲಿ ಕನ್ನಡ ಕೇಳುವುದು ಹಕ್ಕು ಅಂತಲೇ ನನ್ನ ಅಭಿಪ್ರಾಯ. ಆದರೆ 2014ರ ಅಕ್ಟೋಬರ್‌ನಲ್ಲಿ ಇದೇ ಬೆಂಗಳೂರಿನಲ್ಲಿ ಕನ್ನಡ ಮಾತಾಡಲಿಲ್ಲ ಅಂತ ಮಣಿಪುರದ ವಿದ್ಯಾರ್ಥಿಗಳನ್ನು ಹೊಡೆದರಲ್ಲ, ಅಲ್ಲಿ ಭಾಷೆ ನೆಪ ಅಷ್ಟೆ. ಕನ್ನಡ ಬಾರದ ದೊಡ್ಡ ಕಂಪನಿಯ ಮ್ಯಾನೇಜರನ್ನು ಯಾರೂ ಹಾಗೆ ರಸ್ತೆಯಲ್ಲಿ ಹಿಡಿಯುವುದಿಲ್ಲ.

ಕಾನೂನಿನ ಕಥೆ ಚಿಕ್ಕದು. 2014ರ ಜನವರಿಯಲ್ಲಿ ಅರುಣಾಚಲದ ವಿದ್ಯಾರ್ಥಿಯೊಬ್ಬ ದೆಹಲಿಯಲ್ಲಿ ಕೂದಲ ಬಣ್ಣದ ತಮಾಷೆಯಿಂದ ಶುರುವಾದ ಜಗಳದಲ್ಲಿ ಪೆಟ್ಟು ತಿಂದು ಸತ್ತ. ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿ ಮಾಡಿತು. ಅದೇ ವರ್ಷ ವರದಿ ಬಂತು. ಮುಖ, ಜನಾಂಗ ನೋಡಿ ಹಂಗಿಸುವುದಕ್ಕೆ ದಂಡಸಂಹಿತೆಯಲ್ಲಿ ಪ್ರತ್ಯೇಕ ಕಲಂ ಬೇಕು ಅಂದಿತು. 2024ರ ಜುಲೈಯಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಐದು ಅಥವಾ ಹೆಚ್ಚು ಜನ ಸೇರಿ ಜನಾಂಗ, ಜಾತಿ, ಭಾಷೆ, ಹುಟ್ಟಿದ ಊರಿನ ಕಾರಣಕ್ಕೆ ಕೊಂದರೆ ಅದಕ್ಕೊಂದು ಕಲಂ ಇದೆ. ಸಮಿತಿ ಕೇಳಿದ ಆ ಪ್ರತ್ಯೇಕ ಕಲಂ ಬರಲಿಲ್ಲ.

ಕಡಲಾಚೆಗೂ ಈ ಸೇರುಗಳು ಸೂಟ್‌ಕೇಸಿನಲ್ಲಿ ಹೋಗಿವೆ. 2001ರಲ್ಲಿ ಡರ್ಬನ್‌ನಲ್ಲಿ ವಿಶ್ವಸಂಸ್ಥೆ ಜನಾಂಗಭೇದದ ವಿರುದ್ಧ ಸಮ್ಮೇಳನ ನಡೆಸಿದಾಗ ಜಾತಿಯ ಮಾತು ಅಲ್ಲಿ ಬೇಡ, ಜಾತಿ ಬೇರೆ ಜನಾಂಗ ಬೇರೆ ಅಂತ ಭಾರತ ಸರ್ಕಾರ ಪಟ್ಟು ಹಿಡಿಯಿತು. ಶಾಸ್ತ್ರದ ಪ್ರಕಾರ ಬೇರೆ ಇರಬಹುದು. ಬಾವಿಕಟ್ಟೆಯಲ್ಲಿ ನಿಂತವನಿಗೆ ಏನು ವ್ಯತ್ಯಾಸ? 2023ರ ಫೆಬ್ರವರಿಯಲ್ಲಿ ಸಿಯಾಟಲ್ ಜಾತಿಭೇದವನ್ನು ನಿಷೇಧಿಸಿದ ಅಮೆರಿಕದ ಮೊದಲ ನಗರವಾಯಿತು. ಕ್ಯಾಲಿಫೋರ್ನಿಯದ ಶಾಸನಸಭೆಯಲ್ಲೂ ಅಂಥದ್ದೇ ಮಸೂದೆ ಪಾಸಾಯಿತು. ಈಗಿರುವ ಕಾನೂನೇ ಸಾಕು ಅಂತ ಗವರ್ನರ್ ಅಕ್ಟೋಬರ್‌ನಲ್ಲಿ ಅದನ್ನು ತಡೆದರು. ಎರಡೂ ಕಡೆ ಭಾರತೀಯರೇ ಜೋರಾಗಿ ಪರವಾಗಿಯೂ ನಿಂತರು, ವಿರೋಧವಾಗಿಯೂ ನಿಂತರು. ಇದರಿಂದ ಹಿಂದೂಗಳನ್ನು ಗುರಿ ಮಾಡಿದಂತಾಗುತ್ತದೆ ಅನ್ನುವುದು ವಿರೋಧಿಸಿದವರ ಅಳಲು. ಆ ಆತಂಕ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಆಫೀಸಿನಲ್ಲಿ ಬಿಳಿಯ ಬಾಸ್ ಭೇದ ಮಾಡಿದರೆ ದೂರು ಕೊಡಲು ದಾರಿ ಇರಲಿ, ನಮ್ಮೂರಿನ ಬಾಸ್ ಭೇದ ಮಾಡಿದರೆ ಅದು ‘ನಮ್ಮನಮ್ಮ ವಿಷಯ’ ಅನ್ನುವುದು ನನಗೆ ಅರ್ಥವಾಗುವುದಿಲ್ಲ.

ವಾಟ್ಸಾಪ್ ಗುಂಪಿನ ವಿಷಯ ಅರ್ಧಕ್ಕೇ ಬಿಟ್ಟೆ. ಹುಡುಗಿಯ ಫೋಟೊ ಬಂದ ಸಂಜೆ ಅತ್ತೆ ‘ಮದುವೆ ಹೊತ್ತಿಗೆ ಬಣ್ಣ ಬರುತ್ತೆ ಬಿಡಿ’ ಅಂದರು. ಮಾವ ‘ಜಾತಕ ನೋಡಿ ಮೊದಲು’ ಅಂದರು. ಆಮೇಲೆ ನಮ್ಮ ದೊಡ್ಡಪ್ಪನ ಮಗಳು ಬರೆದಳು. ನಾಲ್ಕು ವರ್ಷದ ಹಿಂದೆ ಅವಳ ಫೋಟೊ ಬೇರೆಯವರ ಗುಂಪುಗಳಲ್ಲಿ ಹೀಗೇ ಓಡಾಡಿತ್ತು.

‘ಚಿಕ್ಕಪ್ಪ, ನಮ್ಮ ಸಿರಾಜ್‌ಗೂ ಬಣ್ಣ ಸ್ವಲ್ಪ ಕಮ್ಮಿ ಅಲ್ವಾ?’

ಚಿಕ್ಕಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ತುಂಬಾ ಹೊತ್ತು ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ಕೊನೆಗೆ ಬಂದದ್ದು ಒಂದು ಗುಲಾಬಿ ಹೂವಿನ ಚಿತ್ರ, ಕೆಳಗೆ ‘ಶುಭರಾತ್ರಿ’.